ಲಂಕೆಯ ಮೂರು ಗಾಲಿಯ ಬಂಡಿಯಲ್ಲಿ

ಬುಟಿಬೋರಿಯಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಬಾಡಿಗೆ ಗಾಡಿಯ ಕಷ್ಟವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಾಗಪುರದ ವಿಮಾನ ನಿಲ್ದಾಣ ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು. ದಾರಿಯೂ ಸಣ್ಣದಲ್ಲ, ಮನೆಯ ಮುಂದಿನ ಈ ಹೆದ್ದಾರಿಯನ್ನೇ ಹಿಡಿದು ತೆಂಕಣಕ್ಕೆ ಹೊರಟರೆ ಹೈದರಾಬಾದು ದಾಟಿ ನೆಟ್ಟಗೆ ಬೆಂಗಳೂರು ಸೇರಬಹುದು. ಆದರೂ ಬೆಳಗಿನ ಮೂರೂವರೆಗೆ ಫೋನಿನಲ್ಲಿ ಟ್ಯಾಕ್ಸಿ ಕರೆದು ನೋಡಿ. ನಾಗಪುರದಲ್ಲೆಲ್ಲೋ ತೂಕಡಿಸುತ್ತಿದ್ದ ಚಾಲಕನು, ‘ಭಾವು, ಕುಠೂನ್?’ ಎಂದು ಕೇಳುತ್ತಾನೆ. ಬುಟಿಬೋರಿಯಿಂದ ಎಂದೊಡನೆ ಆ ಕಡೆ ಮೌನ. ಎರಡು ನಿಮಿಷದಲ್ಲಿ ಪರದೆಯ ಮೇಲೆ ಓಡುತ್ತಿದ್ದ ಪುಟ್ಟ ಮೋಟಾರು ಮಾಯವಾಗುತ್ತದೆ. ಪೂರ್ತಿ ತಪ್ಪು ಅವನದೆಂದು ನಾವು ಹೇಳಲಾರೆವು. ಎಣ್ಣೆ ಸುಟ್ಟು ಖಾಲಿ ಗಾಡಿಯನ್ನು ಇಲ್ಲಿಯವರೆಗೆ ತಂದರೆ ಆ ದಾರಿಗೆ ಕಾಸು ಕೊಡುವವರಾರು?

ಹೀಗೆ ಮೂರು ಮೋಟಾರುಗಳು ಮಾಯವಾದ ಮೇಲೆ, ಕಾರ್ಖಾನೆಗೆ ಕೆಲಸಗಾರರನ್ನು ಸಾಗಿಸುವ ನೆರೆಮನೆಯವರ ಟೆಂಪೋದಲ್ಲಿ ಕುಳಿತು 2025ರ ಜನವರಿಯ ಒಂದು ಮುಂಜಾವಿನಲ್ಲಿ ನಾವು ಹನ್ನೊಂದು ಮಂದಿ ಲಂಕಾಯಾತ್ರೆಗೆ ಹೊರಟೆವು. ಬುಟಿಬೋರಿಯ ಮೂರು ಕನ್ನಡ ಮನೆಗಳು. ದಾವಣಗೆರೆಯವರದೊಂದು, ಹಾಸನದವರದೊಂದು, ಧಾರವಾಡದವರದೊಂದು. ಮಕ್ಕಳು ನಾಲ್ವರು. ಧಾರವಾಡದ ಮನೆಗೆ ಚಳಿಗಾಲ ಕಳೆಯಲೆಂದು ಊರಿನಿಂದ ಬಂದಿದ್ದ ಕಾಕಾ ಮತ್ತು ಕಾಕೂ ಕೂಡ ನಮ್ಮ ಸಂಗಡ.

ನಿಜ ಹೇಳಬೇಕೆಂದರೆ ಲಂಕೆಯನ್ನು ಆರಿಸಿದವರು ಕಾಕೂ. ನಮ್ಮ ಹುಡುಗರು ಬಾಲಿ ಎಂದರು, ಫುಕೆಟ್ ಎಂದರು. ಕಾಕೂ ಮಾತ್ರ, ‘ನನಗ ಆ ಸಿಲೋನ್ ರೇಡಿಯೋದ ಮನಿ ನೋಡೂದದ’ ಎಂದು ಪಟ್ಟು ಹಿಡಿದರು. ಗದುಗಿನಲ್ಲಿ ಅವರು ಲಂಗ ಉಡುತ್ತಿದ್ದ ಕಾಲಕ್ಕೆ ಓಣಿಗೊಂದೇ ರೇಡಿಯೋ. 1952ರಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ಬಿನಾಕಾ ಗೀತಮಾಲೆಯನ್ನು ಬುಧವಾರ ರಾತ್ರಿ ಕೇಳಲೆಂದು ಓಣಿಯ ಹುಡುಗಿಯರೆಲ್ಲ ಆ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರಂತೆ. ಆ ದನಿ ಸಮುದ್ರ ದಾಟಿ ಬರುತ್ತದೆಂದು ತಿಳಿದಾಗ ಅವರಿಗಾದ ಬೆರಗು ಎಪ್ಪತ್ತಾರರ ಈ ವಯಸ್ಸಿನಲ್ಲಿಯೂ ಇಳಿದಿಲ್ಲ. ಹಿರಿಯರ ಇಂಥ ಬಯಕೆಯ ಮುಂದೆ ಬಾಲಿಯ ಮಾತು ನಡೆಯಲಿಲ್ಲ. ನಾಗಪುರದಿಂದ ಬೆಂಗಳೂರು, ಬೆಂಗಳೂರಿನಿಂದ ಕೊಳಂಬೊ ಎಂದು ತೀರ್ಮಾನವಾಯಿತು.

ಲಂಕೆಯ ವಿಮಾನ ನಿಲ್ದಾಣ ಇರುವುದು ಕೊಳಂಬೊದಲ್ಲಿ ಅಲ್ಲ, ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಬಡಗಲಿಗೆ, ಕಟುನಾಯಕದಲ್ಲಿ. ಹೊರಗೆ ಕಾಲಿಡುವುದಕ್ಕೆ ಮುಂಚೆಯೇ ಟ್ಯಾಕ್ಸಿಯವರ ಕಟ್ಟೆಗಳು ಸಾಲಾಗಿ ಎದುರಾಗುತ್ತವೆ. ಅಲ್ಲಿ ಊರಿಗೊಂದು ದರದ ಪಟ್ಟಿ ಇರುತ್ತದೆ. ಚೌಕಾಸಿ ಇಲ್ಲ, ಮೋಸದ ಭಯವೂ ಕಡಿಮೆ, ಆದರೆ ದರ ಸ್ವಲ್ಪ ಬಿಗಿ. ಫೋನಿನ ಟ್ಯಾಕ್ಸಿ ಬೇಕೆಂದರೆ ಮೊದಲು ಅಲ್ಲಿಯ ಸಿಮ್ ಬೇಕು. ಅದನ್ನು ಮಾರುವ ಕಟ್ಟೆಗಳೂ ಅಲ್ಲಿಯೇ ಇವೆ. ನಾವು ಹನ್ನೊಂದು ಮಂದಿಗೆ ಮೂರು ಸಿಮ್ ಸಾಕೆಂದೆವು. ಮನೆಗೊಂದು ಎಂಬ ಲೆಕ್ಕ. ‘ಹಿರಿಯರಿಗೆ ಏತಕ್ಕೆ? ನಮ್ಮ ಜೊತೆಗೇ ಇರುತ್ತಾರಲ್ಲ!’ ಎಂದು ನಮ್ಮಲ್ಲಿ ಒಬ್ಬರು ಅಂದರು, ಉಳಿದವರು ತಲೆಯಾಡಿಸಿದೆವು. ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಣದ ವಿಷಯದಲ್ಲಿ ಮೊದಲ ದಿನ ಎಲ್ಲರಿಗೂ ತಲೆ ತಿರುಗುತ್ತದೆ. ಅಲ್ಲಿಯದೂ ರೂಪಾಯಿಯೇ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರೂವರೆಯ ಆಸುಪಾಸು. ವ್ಯಾನಿಗೆ ಹದಿನೈದು ಸಾವಿರ ಎಂದು ಕೇಳಿ ದಾವಣಗೆರೆಯ ತಾಯಿ ಅಲ್ಲಿಯೇ ಸಾಮಾನಿನ ಮೇಲೆ ಕುಳಿತುಬಿಟ್ಟರು. ಭಾಗಿಸಿ ಹೇಳಿದ ಮೇಲೆ ಎದ್ದರು. ಫೋನಿನಲ್ಲಿ ಅದೇ ದಾರಿಗೆ ಇನ್ನೂ ಕಡಿಮೆ ತೋರಿಸುತ್ತಿತ್ತು. ಆದರೆ ಹನ್ನೊಂದು ಮಂದಿ, ಹದಿನಾಲ್ಕು ಪೆಟ್ಟಿಗೆ ಹಿಡಿಸುವ ವ್ಯಾನು ಹತ್ತಿರದಲ್ಲಿ ಇರಲಿಲ್ಲ. ಕಟ್ಟೆಯವರಿಂದಲೇ ಹಿಡಿದೆವು. 2013ರಲ್ಲಿ ತೆರೆದ ವೇಗದ ಹೆದ್ದಾರಿಯೊಂದು ಕಟುನಾಯಕದಿಂದ ಕೊಳಂಬೊದ ಅಂಚಿಗೆ ಬರುತ್ತದೆ. ಅದಕ್ಕೆ ಸುಂಕ ಉಂಟು. ‘ಸುಂಕ ಯಾರದು?’ ಎಂಬ ಪ್ರಶ್ನೆಯನ್ನು ಗಾಡಿ ಹತ್ತುವ ಮುಂಚೆಯೇ ಕೇಳಿದರೆ ಇಳಿಯುವಾಗ ಮನಸ್ತಾಪವಿರುವುದಿಲ್ಲ. ನಮ್ಮ ಯುಪಿಐ 2024ರ ಫೆಬ್ರವರಿಯಿಂದ ಲಂಕೆಯ ಅಂಗಡಿಗಳಲ್ಲಿ ನಡೆಯತೊಡಗಿದೆ ಎಂಬುದು ನಿಜ. ಆಟೋದವನ ಕೈಗೆ ಮಾತ್ರ ಚಿಲ್ಲರೆ ನೋಟೇ ಬೇಕು. ಐದು ಸಾವಿರದ ನೋಟನ್ನು ತೋರಿಸಿದರೆ ಅವನೂ ನಕ್ಕು ನಮ್ಮನ್ನೂ ನಗಿಸುತ್ತಾನೆ.

ಈಗ ಆ ಆಟೋದ ಮಾತು. ಲಂಕೆಯಲ್ಲಿ ಅದಕ್ಕೆ ತ್ರೀವೀಲ್ ಎನ್ನುತ್ತಾರೆ. ಪ್ರವಾಸಿಗಳ ಬಾಯಲ್ಲಿ ಟುಕ್ ಟುಕ್. ಕೆಂಪು, ನೀಲಿ, ಹಸಿರು, ಒಂದೊಂದು ಒಂದೊಂದು ಬಣ್ಣ. ಒಳಗೆ ಬುದ್ಧನ ಪುಟ್ಟ ಮೂರ್ತಿ, ಇಲ್ಲವೆ ಏಸುವಿನ ಪಟ, ಇಲ್ಲವೆ ಗಣಪತಿ. ಚಾಲಕನ ಮತ ಯಾವುದೆಂದು ಕೇಳಬೇಕಾಗಿಯೇ ಇಲ್ಲ. ಹೆಚ್ಚಿನವು ಬಜಾಜ್ ಕಂಪನಿಯವು. ಆ ಕಂಪನಿಯ ವಾಳೂಜಿನ ಕಾರ್ಖಾನೆ ಇರುವುದು ನಮ್ಮ ಮಹಾರಾಷ್ಟ್ರದಲ್ಲಿಯೇ. ನಮ್ಮ ಹಾಸನದ ರಾಯರು ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಆಯುಸ್ಸು ಕಳೆದವರು. ಪರದೇಶದಲ್ಲಿ ಪರಿಚಯದ ಎಂಜಿನ್ನಿನ ಸದ್ದು ಕೇಳಿ, ನೆಂಟರನ್ನು ಕಂಡವರಂತೆ ಬಂಡಿಯ ಬೆನ್ನು ತಟ್ಟಿದರು.

ಬೀದಿಯಲ್ಲಿ ನಿಂತ ಆಟೋವನ್ನು ಕೈಮಾಡಿ ಕರೆಯಬಹುದು. ಕೊಳಂಬೊದಲ್ಲಿ ಮೀಟರು ಹಾಕುವವರಿದ್ದಾರೆ, ಹೊರಗಿನ ಊರುಗಳಲ್ಲಿ ಮಾತೇ ಮೀಟರು. ಇಲ್ಲವೆ ಫೋನಿನಲ್ಲಿ ಕರೆಯಬಹುದು. ಅಲ್ಲಿ ಬಳಕೆಯಲ್ಲಿರುವ ಆ್ಯಪ್‌ಗಳಲ್ಲಿ ಮುಖ್ಯವಾದವು ಎರಡು: ಲಂಕೆಯವರೇ ಕಟ್ಟಿದ ಪಿಕ್‌ಮಿ, ಮತ್ತು ನಮಗೆಲ್ಲ ಗೊತ್ತಿರುವ ಊಬರ್. ಎರಡೂ ಕೊಳಂಬೊದಲ್ಲಿ ಆರಂಭವಾದದ್ದು 2015ರಲ್ಲಿಯೇ. ಊಬರ್ ಅದಕ್ಕೆ ಎರಡು ವರುಷ ಮೊದಲು ಭಾರತಕ್ಕೆ ಬಂದಾಗ ಕಾಲಿಟ್ಟ ಮೊದಲ ಊರು ನಮ್ಮ ಬೆಂಗಳೂರು ಎಂಬುದನ್ನು ಇಲ್ಲಿ ನೆನೆಯಬಹುದು. ಬಳಸುವ ರೀತಿ ನಾಗಪುರದಲ್ಲಿದ್ದಂತೆಯೇ. ಎಲ್ಲಿಂದ, ಎಲ್ಲಿಗೆ ಎಂದು ಬರೆದರೆ ಆಟೋ, ಸಣ್ಣ ಕಾರು, ದೊಡ್ಡ ಕಾರು, ವ್ಯಾನು, ಒಂದೊಂದರ ದರವೂ ಮೊದಲೇ ಕಾಣುತ್ತದೆ. ಚಾಲಕನ ಮುಖ, ಹೆಸರು, ಗಾಡಿಯ ನಂಬರು ಬರುತ್ತವೆ. ಮಳೆ ಬಂದರೆ, ಕಚೇರಿ ಬಿಡುವ ಹೊತ್ತಾದರೆ ದರ ಏರುತ್ತದೆ. ಬೀದಿಯಲ್ಲಿ ಸಾವಿರದ ಐನೂರು ಕೇಳಿದ ದಾರಿಗೆ ಆ್ಯಪ್ ಐನೂರ ಚಿಲ್ಲರೆ ತೋರಿಸಿದ್ದನ್ನು ನಾವೇ ಕಂಡೆವು. ಆದುದರಿಂದ ಬೀದಿಯ ಆಟೋ ಹತ್ತುವವರಾದರೂ ಒಮ್ಮೆ ಆ್ಯಪ್ ತೆರೆದು ದರ ನೋಡಿಕೊಂಡು ಮಾತಿಗಿಳಿಯುವುದು ಒಳ್ಳೆಯದು. ಒಂದು ಆಟೋಕ್ಕೆ ಮೂವರು. ನಮಗೆ ಪ್ರತಿ ಸಾರಿಯೂ ನಾಲ್ಕು ಆಟೋ ಬೇಕಾಗುತ್ತಿತ್ತು. ನಾಲ್ಕೂ ಒಟ್ಟಿಗೆ ಬಂದದ್ದು ಒಂದು ದಿನವೂ ಇಲ್ಲ.

ಭಾಷೆಯ ತೊಂದರೆ ನಾವು ಹೆದರಿದಷ್ಟು ಇರಲಿಲ್ಲ. ಫಲಕಗಳು ಸಿಂಹಳ, ತಮಿಳು, ಇಂಗ್ಲಿಷು ಮೂರರಲ್ಲಿಯೂ ಇರುತ್ತವೆ. ಸಿಂಹಳದ ಲಿಪಿ ನಮ್ಮ ಲಿಪಿಯಂತೆಯೇ ದುಂಡು ದುಂಡಾಗಿ, ಈಗ ಓದಿಬಿಡುತ್ತೇವೆ ಎನ್ನಿಸಿ ಒಂದಕ್ಷರವೂ ತಿಳಿಯದೆ ಕೀಟಲೆ ಮಾಡುತ್ತದೆ. ಅಮ್ಮ ಎಂದರೆ ಅಲ್ಲಿಯೂ ಅಮ್ಮನೇ, ಅಕ್ಕ ಎಂದರೆ ಅಕ್ಕನೇ. ಅಪ್ಪ ಮಾತ್ರ ‘ತಾತ್ತ’. ಬಲಕ್ಕೆ ‘ದಕುಣ’, ಎಡಕ್ಕೆ ‘ವಮ’; ದಕ್ಷಿಣ, ವಾಮ ಎಂದು ಸಂಧ್ಯಾವಂದನೆ ಮಾಡುವ ರಾಯರಿಗೆ ಹೇಳಿಕೊಡಬೇಕಾಗಲಿಲ್ಲ. ನೆಟ್ಟಗೆ ಹೋಗು ಎನ್ನಲು ‘ಕೆಲಿಂ ಯನ್ನ’. ಸರಿ, ಆಯಿತು ಎನ್ನಲು ‘ಹರಿ’. ಮಾತುಮಾತಿಗೆ ಚಾಲಕರು ‘ಹರಿ ಹರಿ’ ಎನ್ನುವುದನ್ನು ಕೇಳಿ ಕಾಕೂಗೆ ಎಲ್ಲಿಲ್ಲದ ಸಂತೋಷ. ‘ರಾವಣನ ಊರಾಗ ಎಷ್ಟ ಛಂದ ಹರಿನಾಮ ತಗೋತಾರ ನೋಡ್ರಿ!’ ಎಂದರು. ಅರ್ಥ ತಿಳಿಸಿದ ಮೇಲೂ ಅವರು ತಮ್ಮ ಅರ್ಥವನ್ನು ಬಿಡಲಿಲ್ಲ.

ನಾವು ಇಳಿದುಕೊಂಡದ್ದು ಕೊಳಂಬೊದ ವೆಳ್ಳವತ್ತೆಯಲ್ಲಿ. ತಮಿಳರು ಹೆಚ್ಚಾಗಿರುವ ಬಡಾವಣೆ. ಇಡ್ಲಿ, ದೋಸೆ, ಸಸ್ಯಾಹಾರದ ಊಟ ಸುಲಭ. ಒಂದು ಕಡೆ ಗಾಲೆ ರಸ್ತೆ, ಇನ್ನೊಂದು ಕಡೆ ಸಮುದ್ರದ ಅಂಚಿನಲ್ಲಿಯೇ ಓಡುವ ರೈಲು. ಮೂರನೆಯ ದಿನ ಮಧ್ಯಾಹ್ನ ನಾವು ಮೂರು ದಂಡಾಗಿ ಒಡೆದೆವು. ಕೆಲವರು ಪೇಟೆಗೆ, ಎಂದರೆ ಅಲ್ಲಿಯ ಪೆಟ್ಟಾ ಎಂಬ ಸಂತೆಗೆ, ಕೆಲವರು ವಸ್ತುಸಂಗ್ರಹಾಲಯಕ್ಕೆ, ಕಾಕಾ ಕಾಕೂ ಇಬ್ಬರೇ ರೇಡಿಯೋದ ಮನೆಗೆ. ಧಾರವಾಡದ ಮನೆಯ ಹುಡುಗ, ಎಂಜಿನಿಯರಿಂಗ್ ಓದುವವನು, ತನ್ನ ಫೋನಿನಿಂದಲೇ ಅವರಿಗೆ ಆಟೋ ಕರೆದು ಹತ್ತಿಸಿ ತಾನು ಪೇಟೆಗೆ ಹೋದನು. ಸರಿಯಾಗಿ ಐದಕ್ಕೆ ಅವರು ಬಾಗಿಲ ಬಳಿ ನಿಂತಿರಬೇಕು. ತಾನು ಪೇಟೆಯಿಂದಲೇ ಮರಳುವ ಆಟೋವನ್ನು ಕಳಿಸುವೆನು. ನಂಬರನ್ನು ಕಾಕಾರ ಫೋನಿಗೆ ಬರೆದು ತಿಳಿಸುವೆನು. ಇದು ಏರ್ಪಾಡು. ಕಾಕಾರ ಫೋನಿಗೆ ಊರಿನ ಸಿಮ್ ಇತ್ತು, ಸಂದೇಶ ಬರುತ್ತಿತ್ತು. ನಕ್ಷೆ, ಅಂತರ್ಜಾಲ ಏನೂ ಇರಲಿಲ್ಲ.

ರೇಡಿಯೋದ ಮನೆ ಇರುವುದು ಕೊಳಂಬೊ ಏಳರಲ್ಲಿ, ಸ್ವಾತಂತ್ರ್ಯ ಚೌಕದಲ್ಲಿ. ಹಿಂದೆ ಅದಕ್ಕೆ ಟಾರಿಂಗ್ಟನ್ ಚೌಕ ಎಂದು ಹೆಸರು. ರೇಡಿಯೋ ಸಿಲೋನ್ 1967ರಲ್ಲಿ ನಿಗಮವಾಯಿತು, ದೇಶದ ಹೆಸರು ಬದಲಾದ 1972ರಲ್ಲಿ ಅದರ ಹೆಸರಿನಲ್ಲಿಯೂ ಶ್ರೀಲಂಕಾ ಸೇರಿತು. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು. ಅವರು ಕೇಳಿರಲೂ ಇಲ್ಲ. ಹೊರಗಿನ ಮರದ ನೆರಳಿನಲ್ಲಿ ಒಂದು ತಾಸು ಸುಮ್ಮನೆ ನಿಂತರಂತೆ. ಕಾಕೂ ಬುಧವಾರದ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿದರಂತೆ. ಈಗ ಅವರಲ್ಲಿ ಇರುವವರು ಇಬ್ಬರು ಮಾತ್ರ. ಈ ಸಂಗತಿಯನ್ನು ನಮಗೆ ಹೇಳಿದವರು ಕಾಕಾ. ಕಾಕೂ ‘ನೋಡಿದೆ, ಛಲೋ ಅದ’ ಎಂದಷ್ಟೇ ಅಂದರು.

ಐದಕ್ಕೆ ಆಟೋ ಬಂದಿತು. ನಂಬರೂ ಹೊಂದಿತು. ಹತ್ತಿ ಕುಳಿತರು. ತಪ್ಪಾದದ್ದು ಬೇರೆ ಕಡೆ. ಪೇಟೆಯ ನೂಕುನುಗ್ಗಲಿನಲ್ಲಿ ನಿಂತ ಹುಡುಗನು ಹೋಟೆಲಿನ ಹೆಸರಿನ ಬದಲು ಮನೆ ನಂಬರನ್ನೂ ‘ಗಾಲೆ ರಸ್ತೆ’ ಎಂಬುದನ್ನೂ ಬರೆದು, ಪರದೆ ತೋರಿಸಿದ ಮೊದಲನೆಯ ಸಾಲನ್ನು ಒತ್ತಿದ್ದನು. ಗಾಲೆ ರಸ್ತೆ ಎಂಬುದು ನಮ್ಮ ವರ್ಧಾ ರಸ್ತೆಯ ಹಾಗೆ. ಕೊಳಂಬೊದಲ್ಲಿ ಆರಂಭವಾಗಿ ದೇಹಿವಲ, ಮೌಂಟ್ ಲವಿನಿಯಾ, ಮೊರಟುವ ಎಂದು ಊರಿಂದೂರಿಗೆ ಅದೇ ಹೆಸರಿನಲ್ಲಿ ಹರಿಯುತ್ತದೆ. ಅದೇ ನಂಬರು ಮುಂದಿನ ಊರಿನಲ್ಲಿಯೂ ಇತ್ತು. ಆಟೋ ವೆಳ್ಳವತ್ತೆಯನ್ನು ದಾಟಿ ಮೌಂಟ್ ಲವಿನಿಯಾದಲ್ಲಿ ಒಂದು ಟಯರಿನ ಅಂಗಡಿಯ ಮುಂದೆ ನಿಂತಿತು. ಚಾಲಕನು ‘ಹರಿ’ ಎಂದನು.

ಕಾಕಾರಿಗೆ ಸಕ್ಕರೆ ಕಾಯಿಲೆ. ಆರಕ್ಕೆ ಏನಾದರೂ ತಿನ್ನಲೇಬೇಕು. ತಿಂಡಿಯ ಡಬ್ಬಿ ಹೋಟೆಲಿನಲ್ಲಿ. ಹೋಟೆಲಿನ ಹೆಸರು ಇಬ್ಬರಿಗೂ ನೆನಪಿಲ್ಲ; ‘ಸೀ’ ಅಂತ ಏನೋ ಅದ ಎಂದು ಕಾಕೂ ಹೇಳಿದರು. ಆ ತೀರದಲ್ಲಿ ಹಾಗೆ ಕರೆಸಿಕೊಳ್ಳದ ಹೋಟೆಲು ಅಪರೂಪ. ಚಾಲಕನು ಆಟೋ ಕರೆದವನಿಗೆ ಫೋನು ಮಾಡಿದನು. ಪೇಟೆಯಲ್ಲಿ ನೂರಾರು ಚಿತ್ರ ತೆಗೆದು ಹುಡುಗನ ಫೋನು ಆ ವೇಳೆಗೆ ಸತ್ತಿತ್ತು. ಕಾಕಾ ಊರಿನ ಸಿಮ್ಮಿನಿಂದ ಕರೆಯಲು ನೋಡಿದರು. ಕರೆಯುವಷ್ಟು ಹಣ ಅದರಲ್ಲಿ ಇರಲಿಲ್ಲ. ಆ್ಯಪಿನ ಲೆಕ್ಕದಲ್ಲಿ ಪ್ರಯಾಣ ಮುಗಿದಿತ್ತು. ಇಳಿಸಿ ಹೋಗಿದ್ದರೆ ಆ ಚಾಲಕನನ್ನು ಯಾರೂ ದೂರುವಂತಿರಲಿಲ್ಲ.

ಇತ್ತ ನಾವು ಆರೂವರೆಗೆ ಹೋಟೆಲಿಗೆ ಬಂದೆವು. ಬಾಗಿಲು ಬೀಗ. ಮೊದಲು ಸಮುದ್ರದ ದಂಡೆಗೆ ಹೋಗಿರಬಹುದೆಂದು ಕೊಂಡೆವು. ಹುಡುಗನು ಫೋನಿಗೆ ವಿದ್ಯುತ್ತು ಕೊಟ್ಟು ಜೀವ ಬರಿಸಿದಾಗ ‘ಪ್ರಯಾಣ ಪೂರ್ಣ, 5–38’ ಎಂದು ಕಾಣಿಸಿತು, ಕೆಳಗೆ ಮೌಂಟ್ ಲವಿನಿಯಾ ಎಂದಿತ್ತು. ಅವನ ಮುಖವನ್ನು ನೋಡಲಾಗಲಿಲ್ಲ. ಅವನ ತಾಯಿ ಒಂದು ಮಾತೂ ಆಡದೆ ಮೆಟ್ಟಿಲ ಮೇಲೆ ಕುಳಿತರು. ಚಾಲಕನ ಕರೆಗಳು ಬಂದು ತಪ್ಪಿಹೋಗಿದ್ದವು. ನಾವು ತಿರುಗಿ ಕರೆದರೆ ಪ್ರಯಾಣ ಮುಗಿದುದರಿಂದ ಆ ದಾರಿ ಮುಚ್ಚಿತ್ತು. ಇಬ್ಬರು ಗಂಡಸರು ಮೌಂಟ್ ಲವಿನಿಯಾಕ್ಕೆ ಓಡಿದರು. ಒಬ್ಬರು ಪೋಲೀಸಿನ 119ಕ್ಕೆ ಕರೆಯಲು ಹೋಟೆಲಿನವರ ನೆರವು ಕೇಳಿದರು. ಒಂದು ಸಿಮ್ಮಿಗೆ ನಾವು ಉಳಿಸಿದ ಹಣ ನಮ್ಮ ಲೆಕ್ಕದಲ್ಲಿ ಒಂದು ಸಾರಿಯ ಹೋಟೆಲು ತಿಂಡಿಯಷ್ಟು!

ಏಳೂ ಕಾಲಿಗೆ ಹಸಿರು ಆಟೋವೊಂದು ಓಣಿಯೊಳಕ್ಕೆ ತಿರುಗಿತು. ಮುಂದೆ ಚಾಲಕ, ಹಿಂದೆ ಕಾಕಾ ಕಾಕೂ. ಕಾಕಾರ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

ನಡೆದುದಿಷ್ಟು. ಕಾಕಾರ ಕೈ ನಡುಗತೊಡಗಿದುದನ್ನು ಕಂಡು ಚಾಲಕನು ‘ತಾತ್ತ, ಸುಗರ್?’ ಎಂದು ಕೇಳಿದನು. ಅವನ ಸ್ವಂತ ತಂದೆಗೂ ಅದೇ ಕಾಯಿಲೆಯಂತೆ. ಪಕ್ಕದ ಅಂಗಡಿಯಿಂದ ಸಿಹಿ ಚಹಾ ತರಿಸಿ ಕುಡಿಸಿದನು, ಬಾಳೆಹಣ್ಣು ಕೊಡಿಸಿದನು. ಆಮೇಲೆ ವಿಚಾರಣೆ. ಅವನದು ಸಿಂಹಳ, ನಡುನಡುವೆ ತಮಿಳು. ಕಾಕೂದು ಶುದ್ಧ ಗದುಗಿನ ಕನ್ನಡ. ಕಾಕೂ ಬೆರಳುಗಳಿಂದ ಇಡ್ಲಿಯನ್ನು ಬರೆದು ತೋರಿಸಿದರು, ‘ಇಡ್ಲಿ, ಇಡ್ಲಿ’ ಎಂದರು, ‘ಝುಕ್ ಝುಕ್’ ಎಂದು ರೈಲು ಬಿಟ್ಟರು, ಅಲೆಯಂತೆ ಕೈಯಾಡಿಸಿದರು. ಇಡ್ಲಿಯೂ ರೈಲೂ ಸಮುದ್ರವೂ ಒಟ್ಟಿಗೆ ಇರಬೇಕಾದರೆ ಅದು ವೆಳ್ಳವತ್ತೆಯೇ ಎಂದು ಅವನು ತೀರ್ಮಾನಿಸಿದನು. ವೆಳ್ಳವತ್ತೆಯ ಓಣಿಗಳು ಒಂದೇ ಎರಡೇ? ಒಂದೊಂದನ್ನೂ ಹೊಕ್ಕು ಸಮುದ್ರದವರೆಗೆ ಹೋಗಿ ಹಿಂದಿರುಗುತ್ತ, ಒಂಬತ್ತನೆಯ ಓಣಿಯಲ್ಲಿ ಕಾಕೂ ‘ಇದs!’ ಎಂದು ಕೂಗಿದರು.

ದುಡ್ಡಿನ ಮಾತು ಬಂದಾಗ ಅವನು ಓಣಿ ಸುತ್ತಿದ ಎಣ್ಣೆಯಷ್ಟಕ್ಕೆ ತೆಗೆದುಕೊಂಡನು. ಹೆಚ್ಚು ಕೊಟ್ಟುದನ್ನು ಎರಡು ಸಾರಿ ಹಿಂದಕ್ಕೆ ತಳ್ಳಿದನು. ಕಾಕೂ ಒಳಗೆ ಹೋಗಿ ನಾಗಪುರದ ಸಂತ್ರಾ ಬರ್ಫಿಯ ಡಬ್ಬಿಯನ್ನೇ ತಂದು ಮಡಿಲಲ್ಲಿಟ್ಟರು. ಅದನ್ನು ತಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ. ಹೊರಡುವ ಮುಂಚೆ ಹೋಟೆಲಿನವರಿಂದ ಒಂದು ಚೀಟಿ ಕೇಳಿ, ಅದರ ಮೇಲೆ ಹೋಟೆಲಿನ ಹೆಸರು, ಓಣಿ, ವೆಳ್ಳವತ್ತೆ, ಫೋನು, ಇಷ್ಟನ್ನೂ ಸಿಂಹಳದಲ್ಲಿ ಬರೆದು, ಕೆಳಗೆ ತನ್ನ ನಂಬರನ್ನೂ ಹಾಕಿ ಕಾಕೂ ಕೈಗಿತ್ತನು. ನಾವು ಹನ್ನೊಂದು ಮಂದಿ ವಿದ್ಯಾವಂತರಿಗೆ ಹೊಳೆಯದ ಕೆಲಸ ಅದು. ಮರುದಿನ ಬೆಳಿಗ್ಗೆ ನಮ್ಮ ಪ್ರತಿಯೊಬ್ಬರ ಜೇಬಿನಲ್ಲಿಯೂ, ಏಳು ವರುಷದ ಮಗುವಿನ ಕೊರಳಿನಲ್ಲಿಯೂ, ಅಂಥ ಚೀಟಿಯಿತ್ತು. ಕಾಕಾರ ಫೋನಿಗೆ ಸಿಮ್ಮೂ ಬಂದಿತು. ಹಿರಿಯರಿಗೆ ದೂರದಿಂದ ಗಾಡಿ ಕರೆಯುವಾಗ ಹೆಸರನ್ನು ನೋಡದೆ ನಕ್ಷೆಯ ಮೇಲಿನ ಗುರುತನ್ನೇ ಹಿಗ್ಗಿಸಿ ನೋಡಬೇಕು, ಮುಟ್ಟಿದೆವು ಎನ್ನುವವರೆಗೆ ಪ್ರಯಾಣವನ್ನು ಫೋನಿನಲ್ಲಿ ಕಾಯುತ್ತಿರಬೇಕು ಎಂಬುದನ್ನು ಹುಡುಗನಿಗೆ ಯಾರೂ ಹೇಳಬೇಕಾಗಲಿಲ್ಲ. ಮಿಕ್ಕ ಐದು ದಿನ ಅವನು ಚಿತ್ರವನ್ನೇ ತೆಗೆಯಲಿಲ್ಲ. ಕಾಯಿಲೆಯವರನ್ನು ಕರೆದೊಯ್ಯುವವರು 1990 ಎಂಬ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಅದು ಲಂಕೆಯ ಉಚಿತ ಆಂಬುಲೆನ್ಸು, 2016ರಲ್ಲಿ ಭಾರತದ ನೆರವಿನಿಂದ ಆರಂಭವಾದದ್ದು.

ಆ ಚಾಲಕನನ್ನೇ ನಾವು ಮರುದಿನವೂ ಕರೆದೆವು, ಆ್ಯಪಿನ ಹಂಗಿಲ್ಲದೆ. ಹರುಕು ಇಂಗ್ಲಿಷಿನಲ್ಲಿ ಅವನು ತನ್ನ ಕಥೆ ಹೇಳಿದನು. 2022ರಲ್ಲಿ ದೇಶದ ಬೊಕ್ಕಸದಲ್ಲಿ ಡಾಲರು ಬತ್ತಿ ಪೆಟ್ರೋಲು ಬಾರದೆ ಹೋದಾಗ, ಬಂಕಿನ ಸಾಲಿನಲ್ಲಿ ಎರಡು ರಾತ್ರಿ ಆಟೋದಲ್ಲಿಯೇ ಮಲಗಿದ್ದನಂತೆ. ಆ ಜುಲೈ ತಿಂಗಳಲ್ಲಿಯೇ ಅಧ್ಯಕ್ಷರು ದೇಶ ಬಿಟ್ಟುಹೋದುದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಆಮೇಲೆ ಸರ್ಕಾರ ಫೋನಿನ ಚೌಕುಳಿ ಗುರುತಿನ ಮೇಲೆ ಎಣ್ಣೆ ಅಳೆದುಕೊಟ್ಟಿತು. ಆಟೋಕ್ಕೆ ಮೊದಲಿಗೆ ವಾರಕ್ಕೆ ಐದು ಲೀಟರು. ಐದು ಲೀಟರಿನಲ್ಲಿ ವಾರದ ಸಂಸಾರ ಹೇಗೆ ಓಡಿತೆಂದು ನಾವು ಕೇಳಿದೆವು. ‘ಓಡಲಿಲ್ಲ’ ಎಂದನು. ಹೊರದೇಶದಿಂದ ಗಾಡಿ ತರಿಸುವುದನ್ನು 2020ರಲ್ಲಿಯೇ ನಿಲ್ಲಿಸಿದ್ದುದರಿಂದ ಹಳೆಯ ಆಟೋಗೂ ಆಗ ಚಿನ್ನದ ಬೆಲೆಯಿತ್ತು. ಆ್ಯಪಿನಿಂದ ಗಿರಾಕಿ ಸಿಗುತ್ತಾರೆ, ಆದರೆ ಪ್ರತಿ ಸವಾರಿಯಲ್ಲಿಯೂ ಪಾಲು ಹೋಗುತ್ತದೆ ಎಂದನು. ಬೆಂಗಳೂರಿನಲ್ಲಿ ಆಟೋದವರ ಸಂಘವೇ ಸೇರಿ 2022ರ ನವೆಂಬರಿನಲ್ಲಿ ‘ನಮ್ಮ ಯಾತ್ರಿ’ ಎಂಬ ಆ್ಯಪನ್ನು ತಂದಿದೆ, ಅದರಲ್ಲಿ ಸವಾರಿಗೆ ಪಾಲಿಲ್ಲ, ದಿನಕ್ಕಿಷ್ಟೆಂದು ಸಣ್ಣ ಶುಲ್ಕ ಎಂದು ರಾಯರು ವಿವರಿಸಿದಾಗ, ಅವನು ಆಟೋವನ್ನು ಬದಿಗೆ ನಿಲ್ಲಿಸಿ ಪೂರ್ತಿ ಕೇಳಿದನು.

ಗಾಲೆ ಪಟ್ಟಣಕ್ಕೆ ಸಮುದ್ರದ ರೈಲಿನಲ್ಲಿ ಹೋದೆವು. ಪೋರ್ಚುಗೀಸರು ಹಾಕಿ, ಡಚ್ಚರು ಭದ್ರಪಡಿಸಿದ ಕೋಟೆಯನ್ನು ಸುತ್ತಿ ಬಾಗಿಲಿಗೆ ಬಂದಾಗ ಮಟಮಟ ಮಧ್ಯಾಹ್ನ. ನಿಲ್ದಾಣದ ಆಟೋದವರು ಹೇಳಿದ ದರ ಆ್ಯಪಿನ ಎರಡರಷ್ಟು. ಆ್ಯಪಿನಲ್ಲಿ ಕರೆದೆವು. ಚಾಲಕನು ಫೋನು ಮಾಡಿ, ತಾನು ಕೋಟೆಯ ಬಾಗಿಲಿಗೆ ಬರಲಾರೆನು, ಅಲ್ಲಿಯವರು ಗದ್ದಲ ಮಾಡುವರು, ಕ್ರಿಕೆಟ್ ಮೈದಾನದ ಆಚೆಗೆ ನಡೆದು ಬನ್ನಿ ಎಂದನು. ಹಿರಿಯರನ್ನು ಬಿಸಿಲಿನಲ್ಲಿ ನಡೆಸಿಕೊಂಡು ಕಳ್ಳರ ಹಾಗೆ ಹೋದೆವು. ಉಳಿದದ್ದು ನಮ್ಮ ನೂರು ಚಿಲ್ಲರೆ ರೂಪಾಯಿ. ಆ ರಾತ್ರಿ ನಮ್ಮಲ್ಲಿಯೇ ವಾಗ್ಯುದ್ಧ. ಎರಡರಷ್ಟು ಕೇಳುವುದು ಅನ್ಯಾಯವೆಂದು ಒಂದು ಪಕ್ಷ. ಆ್ಯಪ್ ಹುಟ್ಟುವ ಮುಂಚೆಯಿಂದ ಅದೇ ಮರದ ಕೆಳಗೆ ಬಿಸಿಲು ಮಳೆಗೆ ನಿಂತವರ ಅನ್ನವನ್ನು ಕೊಳಂಬೊದ ದರ ತೋರಿಸಿ ಕಿತ್ತುಕೊಳ್ಳುವುದು ಯಾವ ನ್ಯಾಯವೆಂದು ಇನ್ನೊಂದು ಪಕ್ಷ. ಗೋವೆಯಲ್ಲಿ 2018ರಿಂದ ಆ್ಯಪ್ ಟ್ಯಾಕ್ಸಿಗೂ ಊರಿನ ಟ್ಯಾಕ್ಸಿಗೂ ನಡೆದ ಜಗಳವೂ ಇದೇ ಬಗೆಯದೆಂದು ದಾವಣಗೆರೆಯವರು ನೆನಪಿಸಿದರು. ನಮ್ಮಲ್ಲಿ ಒಮ್ಮತ ಆಗಲಿಲ್ಲ, ಇಂದಿಗೂ ಆಗಿಲ್ಲ. ಹಿರಿಯರು ಜೊತೆಗಿದ್ದರೆ ಬಾಗಿಲಿನಲ್ಲಿ ನಿಂತ ಆಟೋವನ್ನೇ ಹತ್ತುವುದು, ದರದಲ್ಲಿ ಮೂರನೆಯ ಒಂದು ಪಾಲು ಇಳಿಸಲು ನೋಡುವುದು ಎಂಬಷ್ಟಕ್ಕೆ ಎರಡು ಪಕ್ಷಗಳೂ ಒಪ್ಪಿದವು. ಒಂದು ಎಚ್ಚರಿಕೆ: ಗಾಲೆಯಿಂದ ಕೊಳಂಬೊಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. 2011ರಲ್ಲಿ ತೆರೆದ ದಕ್ಷಿಣದ ವೇಗದ ಹೆದ್ದಾರಿಗೆ ಆಟೋಗಳನ್ನು ಬಿಡುವುದಿಲ್ಲ. ಅಗ್ಗವೆಂದು ಆಟೋ ಹತ್ತಿದರೆ ಹಳೆಯ ಕರಾವಳಿ ರಸ್ತೆಯಲ್ಲಿ ಬೆನ್ನು ಮುರಿಯುತ್ತದೆ. ನಾವು ಹೆದ್ದಾರಿಯ ಬಸ್ಸು ಹಿಡಿದೆವು.

ಕ್ಯಾಂಡಿಗೂ ಮೇಲಿನ ಗುಡ್ಡಗಳಿಗೂ ಮೂರು ದಿನಕ್ಕೆಂದು ವ್ಯಾನನ್ನೇ ಗೊತ್ತುಮಾಡಿದೆವು. ದಿನಕ್ಕೆ ಇಷ್ಟು ಕಿಲೋಮೀಟರು, ಮೀರಿದರೆ ಇಷ್ಟು, ಚಾಲಕನ ಊಟ ವಸತಿ ಯಾರದು ಎಂದು ಕಾಗದದ ಮೇಲೆ ಬರೆಸಿಕೊಂಡುದರಿಂದ ಜಗಳ ಬರಲಿಲ್ಲ. ದಾರಿಯಲ್ಲಿ ‘ಮಸಾಲೆಯ ತೋಟ ನೋಡೋಣ’ ಎಂದು ವ್ಯಾನು ತಾನಾಗಿಯೇ ತಿರುಗುತ್ತದೆ. ತೋಟ ಚೆನ್ನಾಗಿದೆ, ಕೊನೆಯಲ್ಲಿರುವ ಅಂಗಡಿ ದುಬಾರಿ. ಮಲೆನಾಡಿನ ಏಲಕ್ಕಿ ಕಂಡ ಹಾಸನದ ತಾಯಿಯನ್ನು ಮಾತ್ರ ಯಾವ ಅಂಗಡಿಯವನೂ ಒಲಿಸಲಾರದೆ ಹೋದನು. ಎಲ್ಲ ಎಂಬ ಊರಿಗೂ ಹೋದೆವು. ‘ಎಲ್ಲ ನೋಡಿಬಂದೆವು’ ಎಂದು ಹುಡುಗರಿಗೆ ವಾರವಿಡೀ ಅದೇ ನಗೆ. 1921ರ ಒಂಬತ್ತು ಕಮಾನಿನ ರೈಲು ಸೇತುವೆಗೆ ಅಲ್ಲಿಂದ ಊರಿನ ಆಟೋದವರೇ ಗತಿ. ಆ ಗುಡ್ಡಗಾಡಿನ ರೈಲುದಾರಿಗೆ 2025ರ ನವೆಂಬರಿನ ಕೊನೆಯ ದಿತ್ವಾ ಚಂಡಮಾರುತದಲ್ಲಿ ಭಾರಿ ಹಾನಿಯಾಯಿತು. ಇನ್ನು ಹೋಗುವವರು ರೈಲು ಎಲ್ಲಿಯವರೆಗೆ ಓಡುತ್ತಿದೆ ಎಂದು ಕೇಳಿಕೊಂಡು ಹೊರಡುವುದು ಲೇಸು.

ನಾವು ಮರಳಿ ನಾಗಪುರದಲ್ಲಿ ಇಳಿದಾಗ ರಾತ್ರಿ ಹತ್ತು. ನಿಲ್ದಾಣದ ಹೊರಗೆ ಬುಟಿಬೋರಿ ಎಂದೊಡನೆ ಟ್ಯಾಕ್ಸಿಯವರು ಬರುವ ಹೋಗುವ ಎರಡು ದಾರಿಯ ಬಾಡಿಗೆ ಕೇಳಿದರು. ನಾವು ಚೌಕಾಸಿಗೆ ನಿಂತೆವು. ಕಾಕೂ ಆಗಲೇ ಒಂದು ಗಾಡಿಯಲ್ಲಿ ಕುಳಿತು, ಬೆಪ್ಪಾಗಿ ನೋಡುತ್ತಿದ್ದ ಚಾಲಕನಿಗೆ, ‘ಕೆಲಿಂ ಯನ್ನ, ಕೆಲಿಂ ಯನ್ನ’ ಎಂದು ವರ್ಧಾ ರಸ್ತೆಯ ಕಡೆಗೆ ಕೈ ತೋರಿಸುತ್ತಿದ್ದರು.

ಚಂಡಮಾರುತದ ಸುದ್ದಿ ಬಂದಾಗ ಕಾಕೂ ಧಾರವಾಡದಲ್ಲಿದ್ದರು. ಚೀಟಿಯನ್ನು ಹುಡುಕಿ ತೆಗೆದು, ‘ಆ ಹುಡುಗಗ ಫೋನ್ ಹಚ್ಚ’ ಎಂದು ಮೊಮ್ಮಗನಿಗೆ ಅಪ್ಪಣೆ ಮಾಡಿದರು. ಮೂರನೆಯ ದಿನ ಸಿಕ್ಕಿದನು. ಅವನ ಮನೆ ಕೆಳನಿ ನದಿಯ ಬದಿಗೆ. ನೀರು ಹೊಸ್ತಿಲವರೆಗೆ ಬಂದು ನಿಂತಿತಂತೆ, ಆಟೋವನ್ನು ಮೊದಲೇ ಎತ್ತರದ ರಸ್ತೆಗೆ ಒಯ್ದಿದ್ದನಂತೆ. ಇಷ್ಟು ಮೊಮ್ಮಗನ ಇಂಗ್ಲಿಷಿನಲ್ಲಿ ತಿಳಿಯಿತು. ಆಮೇಲೆ ಕಾಕೂ ಫೋನನ್ನು ಕಸಿದುಕೊಂಡರು. ಆ ಕಡೆಯಿಂದ ಅವನು, ‘ಅಮ್ಮ, ತಾತ್ತ ಸುಗರ್?’ ಎಂದನು.

‘ಹರಿ, ಹರಿ’ ಎಂದರು ಕಾಕೂ.